ಲಕೋಟೆ ನಲವತ್ತೊಂದು

ರಾತ್ರಿ ಎರಡೂವರೆ. ದಾವಣಗೆರೆ, ಕ್ಯಾಜುವಾಲ್ಟಿ.
ಸ್ಟ್ರೆಚರ್ ಮೇಲೆ ಹಯಾತ್ ಸಾಬ್,
ಎದೆ, ಎರಡೂ ತೋಳು ಭಟ್ಟಿಯ ಬೆಂಕಿ ನೆಕ್ಕಿದೆ;
ಕೂದಲಲ್ಲಿನ್ನೂ ನಾಲ್ಕು ಮಂಡಕ್ಕಿ ಕಾಳು.

ನನ್ನ ಕೈಯಲ್ಲಿ ಏಳು ಪುಟದ ಒಪ್ಪಿಗೆ ಪತ್ರ.
ಎರಡು ಸಲೈನಿನಲ್ಲಿ ಯಾವುದು ಮೇಲೋ ನಮಗೂ ತಿಳಿಯದು:
ಹೇಗೆ ಹೇಳಲಿ ಇದನ್ನು
ಚಪ್ಪಲಿಯಿಲ್ಲದೆ ಓಡಿಬಂದವಳಿಗೆ?

"ನಿಮ್ಮೋರನ್ನ ಒಂದು ಗುಂಪಿಗೆ ಹಾಕ್ತೀವಮ್ಮ."
"ಓ ಪಾಸಿಟಿವ್," ಅಂದಳು ಜೈಬುನ್ನಿ.
ತಿದ್ದಬೇಕಿತ್ತು. ತಿದ್ದಿದೆ ಕೂಡ, ಅವಸರದಲ್ಲಿ,
ಅವಳ ಕಣ್ಣು ಪರದೆಯಾಚೆಗಿದ್ದಾಗ.
ಹೆಬ್ಬೆಟ್ಟೊತ್ತಿ, ಶಾಯಿ ಸೆರಗಿಗೊರೆಸಿ
"ನೀವು ತಿಳಿದೋರು," ಅಂದಳು.

ತಿಳಿಯದು ಎಂಬುದೇ
ನಮ್ಮ ಅಧ್ಯಯನದ ಮೊದಲ ಸಾಲು.

ಲಕೋಟೆ ಹರಿದೆ. ಬಾಟಲಿ ಏರಿತು.
ಹನಿ ಎಣಿಸುತ್ತಾ ನಿಂತೆ, ಎಣಿಸುವ ಕೆಲಸ ನನ್ನದಲ್ಲದಿದ್ದರೂ.

ಇಪ್ಪತ್ತೆಂಟನೇ ದಿನ ಫೋನು ಮಾಡಬೇಕು, ಮಾಡಿದೆ.
ನಮೂನೆಯಲ್ಲಿ ಎರಡೇ ಮನೆ: ಇದ್ದಾರೆ, ಇಲ್ಲ.
"ಇದಾರಕ್ಕಾ. ಒಲೆ ಹಚ್ಚಿದ್ರೆ ಎದ್ದು ಹೊರಗೆ ಹೋಗ್ತಾರೆ.
ಭಟ್ಟಿಗೆ ಈಗ ನಾನೇ ಹೋಗೋದು."

ಮೊದಲ ಮನೆಗೆ ಟಿಕ್ ಹಾಕಿದೆ.
ಉಳಿದದ್ದನ್ನು ಅಂಚಿನಲ್ಲಿ ಬರೆದಿಟ್ಟೆ, ಪೆನ್ಸಿಲಿನಲ್ಲಿ.
ಪೆನ್ಸಿಲ್ ಬಳಸಕೂಡದು ನಾವು.
ಆಡಿಟ್‌ನವರು ಬರುವವರೆಗಾದರೂ
ಇರಲಿ.