ಬಳಿ ಅಳತಿ

ಇಲ್ಲಿ ಮಂದಿ ಇದನ್ನ ಪಿಯಾವ್ ಅಂತಾರ,
ನಮ್ಮ ಬಾಯಾಗ ಉಳ್ಳಾಗಡ್ಡಿ.
ಆಲ್ದೋನಾದ ಕೆಂಪು ಮಣ್ಣಿಗೆ ಎರಡೂ ಗೊತ್ತು.
ಹತ್ತು ವರ್ಷಾತು, ಅದರ ಕೂಡ ದಿನಾ ಮಾತಾಡಾಕಿ ನಾನಽ.

ಭತ್ತ ಕೊಯ್ದ ಮ್ಯಾಲೆ ಎರ್ಮೆಲಿಂದಾಬಾಯಿ ಗದ್ದಿ ತೋರಿಸಿದ್ರು:
"ನಿಂಬೆವ್ವಾ, ಈ ಸಲ ಕಪ್ತಾನನ್ನ ಸೋಲಿಸಬೇಕು."
ಎದುರುಮನಿ ಕಪ್ತಾನ, ಹಡಗ ಬಿಟ್ಟು ಬಂದಾಂವ.
ಮೂರು ವರ್ಷ ಆತು, ಚರ್ಚಿನ ಹಾಲಿನಾಗ
ಬೆಳ್ಳಿ ಬಟ್ಟಲ ಅವನ ಪಾಲಿಗೇ.

ಅಗಿ ಹಚ್ಚಿದೆ, ಗೇಣಿಗೊಂದು.
ಒಲಿ ಬೂದಿ, ಸೆಗಣಿ, ಬಂಗಡೆ ತೊಳದ ನೀರು.
ಯಾವ ಪುಸ್ತಕದಾಗೂ ಇಲ್ಲಲ್ಲ ಅಂದ್ರು ಬಾಯಿ,
ಮೂಗು ಮುಚಗೊಂಡು ಒಪ್ಪಿದ್ರು.

ಜನವರ್‍ಯಾಗ ಗಡ್ಡಿ ಮಣ್ಣಿನಿಂದ ಭುಜ ಹೊರಗ ಹಾಕಿದ್ವು.
ಬಾಯಿ ಕಡೆ ಟೇಪು, ನನ್ನ ಕಡೆ ಬಳಿ.
ದಿನಾ ಮುಂಜಾನೆ ಒಂದು ಹಸರ ಬಳಿ ಕಳದು
ಗಡ್ಡಿ ಮ್ಯಾಲೆ ಇಡತಿದ್ದೆ.
ಕೆಳಗ ಇಳೀತಂದ್ರ ಇನ್ನೂ ನೀರು ಬೇಕು,
ಮ್ಯಾಲೆ ಕುಂತ್ರ ಸಾಕು.
ಒಂದು ಮಾತ್ರ ಬಳಿ ಒದ್ದು ಬೆಳೀತು,
ಬದುವಿಗೆ ಬೆನ್ನ ಹಚ್ಚಿ,
ಕಟ್ಟಿ ಮ್ಯಾಲೆ ಕುಂತ ಗೌಡನಂಗ.

ಹಿಂದಿನ ರಾತ್ರಿ
ಅಡಗಿಮನಿ ನೆಲದ ಮ್ಯಾಲೆ ಇಬ್ರೂ ಕುಂತ್ವಿ.
ಹರಕ ಸಿಪ್ಪಿ ಒಂದಽ ಪದರು ತಗದು,
ಕುತ್ತಿಗಿಗೆ ಬಾಳಿನಾರು ಸುತ್ತಿ, ಪೌಡರ್ ಹಚ್ಚಿ.
ಬಾಯಿ ಕನ್ನಡಕ ಏರಿಸಿ ನಿಯಮ ಓದಿದ್ರು:
ಮೂರು ಇಡಬೇಕು. ಮೂರೂ ಒಂದಽ ಅಳತಿ, ಒಂದಽ ಬಣ್ಣ.
ದೊಡ್ಡದಕ್ಕ ಜೋಡಿ ಸಿಗಲಿಲ್ಲ.
"ಇದನ್ನ ನೀ ಒಯ್ಯಿ."

ಎರಡನೇ ಬಹುಮಾನ.
ಚೀಟಿ ಮ್ಯಾಲೆ ಬಾಯಿ ಹೆಸರು, ಇಂಗ್ಲಿಷಿನಾಗ.
ಬಟ್ಟಲ ಬಗಲಾಗಿಟಗೊಂಡು ಕಪ್ತಾನ ನನ್ನ ಕಡೆ ಬಂದ,
ಸಣ್ಣ ದನಿಲೆ ಕೇಳಿದ,
"ಏನು ಹಾಕ್ತೀ?"
"ನೀರು," ಅಂದೆ.

ಮನ್ಯಾಗ ರೊಟ್ಟಿ ತಾಟಿನಾಗಿತ್ತು.
ಗಂಡ ಗಡ್ಡಿ ಗುದ್ದಾಕ ಮುಷ್ಟಿ ಎತ್ತಿದ್ದ, ಕೈ ಹಿಡದೆ.
ಮಾಪ್ಸಾದ ರಾತ್ರಿ ಬಸ್ಸಿನ ಕಂಡಕ್ಟರ್ ನವಲಗುಂದದಾಂವ.
ಹಳೇ ಸೀರಿ ತುಂಡಿನಾಗ ಕಟ್ಟಿ ಅವನ ಕೈಯಾಗ ಕೊಟ್ಟೆ.

ತಂಗಿಗೆ ಫೋನ್ ಮಾಡಿದೆ:
ಹೆಚ್ಚಬ್ಯಾಡ.
ದೀಪಾವಳಿ ತನಕ ಜಂತಿಗೆ ತೂಗಹಾಕು,
ಆಮ್ಯಾಲೆ ಎರಿ ಮಣ್ಣಾಗ ಹುಗಿ.
ಹೂವಾಗಲಿ. ಬೀಜ ಕರ್ರಗಾಗಿ ಉದರೂದ್ರಾಗ
ಅರಬಿ ಚೀಲ ಕಟ್ಟು.

"ಏನಕ್ಕಾ, ಅಷ್ಟು ದೊಡ್ಡದೈತಿ?"
ನಿನ್ನ ಬಳಿ ಏರಂಗಿಲ್ಲ ಅಂದೆ.
ಟ್ರಂಕಿನಾಗ ಅವ್ವನ ಬಳಿ ಅದಾವಲ್ಲ,
ಅದನ್ನ ತಗದು ನೋಡು.