ಐದರಲ್ಲಿ ಮೂರು

ಗ್ರೆಸಿಕ್‌ನ ಪಂಪು ಕಾರ್ಖಾನೆಗೆ ಬಂದಾಗ
ನನ್ನ ಚೀಲದಲ್ಲಿ ನಲವತ್ತು ಹಾಳೆ.
ಒಹಾಯೊದಲ್ಲಿ ಅಚ್ಚಾಗಿ, ಟಾಂಪೆರೆಯಲ್ಲಿ ನನ್ನ ಕೈಸೇರಿ
ಜಾವಾದ ಸೆಕೆಗೆ ಅಂಚು ಸುರುಟಿಕೊಂಡವು.
'ನಿಮ್ಮ ಪ್ರತಿಭೆಗೆ ನೀವೇ ಅಂಕ ಕೊಡಿ,
ಒಂದರಿಂದ ಐದು.'

ಅಷ್ಟೂ ಜನ ಬರೆದದ್ದು ಮೂರು.
ಒಬ್ಬ ನಾಲ್ಕು ಬರೆದು, ಅಳಿಸಿ,
ಹಾಳೆ ತೂತು ಬೀಳುವಷ್ಟು ಅಳಿಸಿ
ಮೂರು ಮಾಡಿದ್ದ.

ಒಹಾಯೊದಿಂದ ಫೋನು: 'ಅಲ್ಲಿ ಯಾರೂ
ಎತ್ತರಕ್ಕೆ ಬೆಳೆಯುವುದಿಲ್ಲವೇ?'
ನಾನು ನಗಲಿಲ್ಲ.
ಸ್ಕೀ ಓಟ ಗೆದ್ದು ಮನೆಗೆ ಬಂದ ದಿನ
ಅಜ್ಜಿ ನನ್ನ ಕಪ್ಪನ್ನು ಅಲಮಾರಿನ ಹಿಂದಕ್ಕೆ ಸರಿಸಿ
'ಬೂಟು ಒದ್ದೆಯಾಗಿದೆ, ಒಲೆಯ ಹತ್ತಿರ ಇಡು' ಎಂದಿದ್ದಳು.
ಅದೇ ಅವಳ ಐದಕ್ಕೆ ಐದು.
ಎಲ್ಲ ಗೊತ್ತಿದ್ದೂ ಹಾಳೆ ಹಿಡಿದು ಬಂದೆ.
ಸಂಬಳ ಅದಕ್ಕೇ.

ಕಣ್ಣಿಗೆ ಬಿದ್ದವಳು ವಗಿಯೆಮ್.
ಬೇರಿಂಗಿನ ಮೇಲೆ ಮರದ ಕಡ್ಡಿ ಊರಿ
ಇನ್ನೊಂದು ತುದಿ ಕಿವಿಗಿಟ್ಟು
'ಗುರುವಾರದೊಳಗೆ ಕೆಡುತ್ತದೆ' ಎನ್ನುತ್ತಾಳೆ.
ಕೆಡುತ್ತದೆ.
ಸಭೆ ಸೇರಿಸಿ, ವೇದಿಕೆಗೆ ಕರೆದು, ಫಲಕ ಕೊಟ್ಟು
ಮೇಲ್ವಿಚಾರಕಿ ಎಂದು ಸಾರಿದೆ.
ಚಪ್ಪಾಳೆ, ಸೋರುವ ನಲ್ಲಿಯಷ್ಟು.
ಅವಳು ನೆಲ ನೋಡಿದಳು.
ಹಿಂದಿನ ಸಾಲಿನಲ್ಲಿ, ಇಪ್ಪತ್ತೆಂಟು ವರ್ಷ ದುಡಿದ ತುಕಿರಾನ್
ಲವಂಗದ ಸಿಗರೇಟನ್ನು ಹಚ್ಚದೆ
ಬೆರಳಲ್ಲೇ ತಿರುಗಿಸುತ್ತಿದ್ದರು.

'ಒಪ್ಪಿಗೆಯೇ?' ಎಂದೆ.
'ಇಂಗ್ಗಿಹ್' ಎಂದಳು.
ಪದಕೋಶದಲ್ಲಿ ಅದಕ್ಕೆ ಹೌದು ಎಂದರ್ಥ.
ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ.

ಕ್ಯಾಂಟೀನಿನ ಸುಪಿನಾ, ಟೆಂಪೆ ಹುರಿಯುತ್ತ,
ನನ್ನ ಕಡೆ ತಿರುಗದೆಯೇ ಅಂದಳು:
'ಆ ಕಡ್ಡಿ ಯಾರದು, ಕೇಳಿದಿರಾ?'
ಕೇಳಿರಲಿಲ್ಲ.

ಹೊಸ ಚೀಟಿ ಹಂಚಿದೆ, ಒಂದೇ ಸಾಲು:
ನಡುರಾತ್ರಿ ಪಂಪು ನಿಂತರೆ ಯಾರ ಬಾಗಿಲು ತಟ್ಟುತ್ತೀರಿ?
ಮೂವತ್ತೆಂಟರಲ್ಲಿ ತುಕಿರಾನ್.
ಒಂದರಲ್ಲಿ ಮಾತ್ರ, ಇರುವೆಯಂಥ ಅಕ್ಷರದಲ್ಲಿ, ವಗಿಯೆಮ್.
ಅದು ತುಕಿರಾನರ ಚೀಟಿ.

ಅವರ ಮನೆಗೆ ಹೋದೆ.
ಸಕ್ಕರೆ ಮುಂದಾದ ಚಹಾ, ಮೊಮ್ಮಗನ ಸುನ್ನತಿಯ ಖರ್ಚು,
ಕಾಯಿ ಬಿಡದ ಪೇರಲೆ ಗಿಡ, ಹೀಗೆ ಒಂದು ಗಂಟೆ.
ಕೆಲಸದ ಮಾತು ಅವರೂ ಎತ್ತಲಿಲ್ಲ, ನಾನೂ.
ನಾನು ಚಪ್ಪಲಿ ಮೆಟ್ಟುವಾಗ ಹೇಳಿದರು:
'ಬಲಗಿವಿ ಮಂದವಾಗಿ ಎರಡು ವರ್ಷ.
ಅವಳಿಗೊಬ್ಬಳಿಗೇ ಗೊತ್ತು.
ಗೊತ್ತಿದ್ದೂ ದಿನಾ ನನ್ನನ್ನು ಕೇಳಿಯೇ ಹೇಳುತ್ತಾಳೆ.'

ಸೋಮವಾರ ಅವಳು ಬಂದಳು, ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು.
ಏಳನೆಯ ಪಂಪಿನ ಮುಂದೆ ತುಕಿರಾನ್
ಕಡ್ಡಿಯನ್ನು ಅಂಗಿಯ ತುದಿಗೆ ಒರೆಸಿ
'ನೀನು ನೋಡಮ್ಮ, ನನಗೆ ಸೊಂಟ ಹಿಡಿದಿದೆ' ಎಂದು ಕೊಟ್ಟರು.
ಮತ್ತೆ ಕೇಳಿ ಪಡೆಯಲಿಲ್ಲ.
ಸುತ್ತಲಿನವರು ನೋಡಿಯೂ ನೋಡದಂತೆ ನಟ್ಟು ತಿರುಗಿಸಿದರು.
ನಾನೂ ಒಂದು ನಟ್ಟು ಹಿಡಿದುಕೊಂಡೆ.

ಇದನ್ನು ಒಹಾಯೊಗೆ ಬರೆಯುವುದು
ಸೇರಿನಲ್ಲಿ ಬಟ್ಟೆ ಅಳೆದಂತೆ.
ನನ್ನದೇ ಹಾಳೆಯೂ ಬಾಕಿಯಿತ್ತು:
ಪ್ರತಿಭೆ ಗುರುತಿಸುವ ಶಕ್ತಿ, ಒಂದರಿಂದ ಐದು.
ಎರಡು ಎಂದು ಬರೆದೆ.
'ಯಾಕೆ, ಕೆಲಸ ಬೇಸರವೇ?' ಎಂದು ಕೇಳಿದ್ದಾರೆ.
ಉತ್ತರ ಕಳಿಸಬೇಕು.
ಏಳನೆಯದು ಗುರುವಾರ ನಿಲ್ಲುತ್ತದಂತೆ,
ಮೊದಲು ಅದರ ಬೇರಿಂಗು ತರಿಸಬೇಕು.