ಎಡಗೈ ಗಂಟು

ಪ್ಲಾಸ್ಟಿಕ್ ಕವರಿನೊಳಗೆ ಒಂದು ಗೇಣು, ಹೊಸೆದ ಬಾಳೆನಾರು.
ಎಸ್ಸೈ ಮೇಡಂ ಅದನ್ನು ನಮ್ಮ ಜಗಲಿಯ ಮೇಲೆ,
ಸೇವಂತಿಗೆ ರಾಶಿಯ ಪಕ್ಕ, ಮೆತ್ತಗೆ ಇಟ್ಟರು.
ಕೆರೆ ಕೋಡಿಯಲ್ಲಿ ಸಿಕ್ಕವಳ ಮಣಿಕಟ್ಟಿನಿಂದ
ಕತ್ತರಿಸಿ ತೆಗೆದದ್ದು.
'ಯಾರಮ್ಮ ಹೀಗೆ ಗಂಟು ಹಾಕೋದು?'

ಎರಡು ಸುತ್ತು, ಒಳಗಿಂದ ಹೆಬ್ಬೆರಳು, ಎಡಕ್ಕೆ ಜಗ್ಗು.
ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿನಲ್ಲಿ
ಹೀಗೆ ಕಟ್ಟುವ ಮನೆ ಒಂದೇ.
ಅತ್ತೆ ಎಡಚಿ. ಮಗನಿಗೆ ಕಲಿಸಿದಳು, ಮಗಳಿಗೆ ಕಲಿಸಿದಳು,
ಮದುವೆಯಾಗಿ ಬಂದ ಮೂರನೇ ದಿನ ನನಗೂ.

ನಾದಿನಿ ಅಲುವೇಲು ಎದ್ದು ಹೂವಿಗೆ ನೀರು ಚಿಮುಕಿಸಿದಳು,
ಆಗಲೇ ಚಿಮುಕಿಸಿದ್ದ ಹೂವಿಗೆ.
ನಾನು ಗೊತ್ತಿಲ್ಲ ಅಂದೆ.
ಅತ್ತೆ 'ತೆಲೀದಮ್ಮಾ' ಅಂದಳು.
ಸುಳ್ಳು ಹೇಳುವಾಗ ಅವಳು ತೆಲುಗಿಗೆ ಹೊರಳುತ್ತಾಳೆ,
ಚೀಟಿ ದುಡ್ಡಿನ ಮಾತಿಗೂ,
ಮಾವ ಸತ್ತ ರಾತ್ರಿಯ ಮಾತಿಗೂ.

ಅಂದಿನಿಂದ ಮೂವರೂ ಬಲಗೈಯಲ್ಲಿ ಕಟ್ಟುತ್ತೇವೆ.
ಯಾರೂ ಯಾರಿಗೂ ಹೇಳಲಿಲ್ಲ.
ಮಾಲೆ ಸಡಿಲ, ಮೊಳಕ್ಕೆ ನಾಲ್ಕು ಹೂ ಉದುರುತ್ತವೆ,
ಗಿರಾಕಿಗಳು ಬೈಯುತ್ತಾರೆ.
'ಏನ್ರೇ, ಮೂರು ಜನದ ಕೈಗೂ ಏನಾಯ್ತು?'
ಅವನು ನಗುತ್ತಾನೆ. ನಗು ಮುಗಿದ ಮೇಲೂ
ನಮ್ಮ ಕೈಗಳನ್ನೇ ನೋಡುತ್ತಿರುತ್ತಾನೆ.

ರಾತ್ರಿ ನನ್ನ ಮಣಿಕಟ್ಟು ಹಿಡಿದು ಮಲಗುವುದು ಅವನ ರೂಢಿ.
ಆರು ವರ್ಷ ಅದನ್ನು ಪ್ರೀತಿ ಅಂದುಕೊಂಡಿದ್ದೆ.
ಈಗ ಆ ಬೆರಳು ಅಳತೆ ತೆಗೆಯುತ್ತದೆ.

ರೂಪಕಲಾ ಅಂತ ಅವಳ ಹೆಸರು.
ಗಾರ್ಮೆಂಟ್ಸ್ ಬಸ್ಸಿಗೆ ಕಾಯುತ್ತ
ನನ್ನ ಹತ್ತಿರವೇ ಕನಕಾಂಬರ ಕೊಳ್ಳುತ್ತಿದ್ದಳು.
ಹದಿನೈದು ರೂಪಾಯಿ ಬಾಕಿ.
ಪುಸ್ತಕದಲ್ಲಿ ಆ ಸಾಲು ಹೊಡೆದುಹಾಕಲು
ಇನ್ನೂ ಆಗಿಲ್ಲ.

ಮೇಡಂ ದಿನಾ ಬರುತ್ತಾರೆ, ಒಂದು ಮೊಳ ಕೊಳ್ಳುತ್ತಾರೆ,
ಮುಡಿಯುವುದಿಲ್ಲ.
ಜೀಪಿನಲ್ಲಿ ಕೂತು ಒಂದೊಂದೇ ಗಂಟು ತಡವುತ್ತಾರೆ,
ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ.

ಇವತ್ತು ಶುಕ್ರವಾರ.
ನನ್ನ ಬೆನ್ನ ಹಿಂದೆ ನಿಂತು ಅವನು ಟೀ ಕುಡಿಯುತ್ತಿದ್ದ.
ನಾನು ನಾರನ್ನು ಎಡಗೈಗೆ ದಾಟಿಸಿದೆ.
ಎರಡು ಸುತ್ತು, ಒಳಗಿಂದ ಹೆಬ್ಬೆರಳು...
ಅಲುವೇಲು ಕೈಯ ತಂಬಿಗೆ ಅಲ್ಲೇ ನಿಂತಿತು.
ಅತ್ತೆ ನನ್ನ ಬೆರಳು ನೋಡಿದಳು,
ಮಗನ ಮುಖ ನೋಡಲಿಲ್ಲ.

ಮೊಳ ಹಾಕಿ ನಾರು ಕತ್ತರಿಸಹೋದಾಗ
'ಕೊಸರು ಹಾಕು' ಅಂದಳು.
ಕನ್ನಡದಲ್ಲೇ ಅಂದಳು.

ಹಿಂದೆ, ಟೀ ಹೀರುವ ಸದ್ದು ನಿಂತಿತು.